ತೊಳೆದ ಚೀಲಗಳು

ಮಣ್ಣು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಎಲ್ಲರೂ ಕೇಳುವುದು ಒಂದೇ: ಯಾವ ಯಂತ್ರ ಒಳ್ಳೆಯದು, ಯಾವ ಪುಸ್ತಕ ಓದಬೇಕು. ನಾನು ತಿರುಗಿ ಕೇಳುವುದೂ ಒಂದೇ. "ಮಣ್ಣು ತರೋ ಚೀಲಾ ಯಾರು ತೊಳೀತಾರ?" ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳು ಮರುಳು ಅಂದುಕೊಂಡು ನಕ್ಕು ಸುಮ್ಮನಾಗುತ್ತಾರೆ. ಬಂದವರಿಗೆಲ್ಲ ಕೂಡಿಸಿಕೊಂಡು ಕಥೆ ಹೇಳುವಷ್ಟು ತಾಳ್ಮೆ ನನಗೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ, ಈಗಂತೂ ಇಲ್ಲ. ಅದಕ್ಕೇ ಒಮ್ಮೆ ಬರೆದು ಮುಗಿಸುತ್ತೇನೆ.

ನಾನು ಚಿಕ್ಕೋಡಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ನಮ್ಮ ಮಣ್ಣು ಪರೀಕ್ಷಾ ಕೇಂದ್ರವೆಂದರೆ ಬಾಡಿಗೆ ಮನೆಯ ಎರಡು ಕೋಣೆ. ಒಂದರಲ್ಲಿ ಮಣ್ಣು, ಇನ್ನೊಂದರಲ್ಲಿ ಬಾಟಲಿ. ಆಗ ನಿಪ್ಪಾಣಿ ಚಿಕ್ಕೋಡಿ ತಾಲೂಕಿನೊಳಗಿತ್ತು, ಕಾಗವಾಡ ಅಥಣಿ ತಾಲೂಕಿನೊಳಗಿತ್ತು. ಅತ್ತ ರಾಯಬಾಗ ಸೇರಿಸಿ ಇಷ್ಟೂ ಸೀಮೆಯ ಮಣ್ಣು ನಮ್ಮ ಬಾಗಿಲಿಗೆ ಬರಬೇಕಿತ್ತು. ಇದ್ದವರು ಮೂವರು: ಮುಖ್ಯಸ್ಥರಾದ ಕುಲಕರ್ಣಿ ಸಾಹೇಬರು, ನಾನು, ಮತ್ತು ಸಿಪಾಯಿ ಮುಲ್ಲಾ. ಮುಲ್ಲಾ ಮಣ್ಣು ಕುಟ್ಟಿ ಜರಡಿ ಹಿಡಿಯುತ್ತಿದ್ದ, ನಾನು ಪರೀಕ್ಷೆ ಮಾಡುತ್ತಿದ್ದೆ, ಸಾಹೇಬರು ಇಬ್ಬರನ್ನೂ ಬೈಯುತ್ತಿದ್ದರು.

ಊರು ನನ್ನದು ಚಿಂಚಲಿಯ ಹತ್ತಿರ. ಅಪ್ಪ ಕುರಿ ಕಾಯುವವ. ಸುಗ್ಗಿ ಮುಗಿದ ಮೇಲೆ ರೈತರ ಹೊಲಗಳಲ್ಲಿ ಕುರಿ ತರುಬಿ, ಅವುಗಳ ಹಿಕ್ಕೆಯಿಂದ ನೆಲಕ್ಕೆ ಕಸುವು ಕೊಡುವ ಕೆಲಸ ನಮ್ಮ ಮನೆತನದ್ದು. ಹೊಸ ಹೊಲಕ್ಕೆ ಕಾಲಿಟ್ಟರೆ ಅಪ್ಪ ಮೊದಲು ಚಿಟಿಕೆ ಮಣ್ಣು ನಾಲಗೆಗೆ ಹಚ್ಚಿಕೊಳ್ಳುತ್ತಿದ್ದ. "ಇದು ಚಲೋ ಐತಿ", "ಇದು ಸವಳ" ಎಂದು ಉಗುಳುತ್ತಿದ್ದ. ಸವಳು ಎಂದರೆ ನಮ್ಮ ಕಡೆ ಉಪ್ಪು, ಕ್ಷಾರ ಏರಿ ಕೆಟ್ಟ ನೆಲ. ಬಿಳಿ ಪದರು ಕಟ್ಟುತ್ತದೆ, ನೀರು ಇಂಗುವುದಿಲ್ಲ, ಬಿತ್ತಿದ್ದು ಹುಟ್ಟುವುದಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ನನಗೆ ಅಪ್ಪನ ನಾಲಗೆ ಪರೀಕ್ಷೆ ಕಂಡರೆ ನಾಚಿಕೆ. ಗೆಳೆಯರೆದುರು ಅಪ್ಪ ಬಗ್ಗಿ ಮಣ್ಣು ತೆಗೆದರೆ ನಾನು ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ.

ಮೊದಲ ಎರಡು ವರ್ಷ ಕಲಿತದ್ದು ಮಣ್ಣಿಗಿಂತ ಮನುಷ್ಯರ ವಿಷಯ. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು, ಹದಿನೈದಿಪ್ಪತ್ತು ಕಡೆ ಗೇಣುದ್ದ ಗುಂಡಿ ತೋಡಿ, ಎಲ್ಲ ಮಣ್ಣನ್ನು ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ, ಹೀಗೆ ಮಾಡುತ್ತ ಕಡೆಗೆ ಅರ್ಧ ಕಿಲೋ ಉಳಿಸಬೇಕು ಎಂದು ನಾವು ಸಭೆ ಮಾಡಿ ಹೇಳುತ್ತಿದ್ದೆವು. ರೈತರು ತಲೆ ಆಡಿಸುತ್ತಿದ್ದರು. ಆಮೇಲೆ ಮನೆಯ ಹಿತ್ತಲಿನಿಂದ ಒಂದು ಹೆಂಟೆ ಕಿತ್ತು ಯೂರಿಯಾ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಆ ಮಣ್ಣಿನಲ್ಲಿ ಸಾರಜನಕ ಮುಗಿಲು ಮುಟ್ಟಿರುತ್ತಿತ್ತು.

ನಿಪ್ಪಾಣಿ ಕಡೆಯ ತಂಬಾಕಿನ ಹೊಲದವನೊಬ್ಬ ಬಂದ. "ಘ್ಯಾ ಸಾಹೇಬ, ಮಾತಿ ತಂದೇನಿ" ಎಂದು ಮರಾಠಿ ಬೆರೆಸಿ ಹೇಳಿ, ಮಣ್ಣು ತುಂಬಿದ ಒಂದು ತಗಡಿನ ಡಬ್ಬಿ ಮೇಜಿನ ಮೇಲಿಟ್ಟ. ಮುಲ್ಲಾ ಮುಚ್ಚಳ ತೆಗೆದು ಜರಡಿಗೆ ಸುರಿದದ್ದೇ ತಡ, ಮೂವರೂ ಸೀನತೊಡಗಿದೆವು. ಅದು ಅವರ ಮನೆಯ ತಪಕೀರಿನ, ಅಂದರೆ ನಶ್ಯದ, ಹಳೆಯ ಡಬ್ಬಿ. ಅರ್ಧ ತಾಸು ಕೇಂದ್ರದ ಬಾಗಿಲು ತೆರೆದಿಟ್ಟು ಅಂಗಳದಲ್ಲಿ ನಿಂತಿದ್ದೆವು. ಸಾಹೇಬರು ಮೂಗು ಒರೆಸಿಕೊಳ್ಳುತ್ತ, "ಪಾತ್ರೆ ನೋಡದೆ ಮಣ್ಣು ಮುಟ್ಟಬೇಡ, ಬರೆದಿಟ್ಟುಕೋ" ಎಂದರು. ನಾನು ನಕ್ಕೆ, ಬರೆದಿಟ್ಟುಕೊಳ್ಳಲಿಲ್ಲ.

ಅಥಣಿಯ ಇನ್ನೊಬ್ಬ ಹಿರಿಯರದು ಬೇರೆಯೇ ರೀತಿ. ಅವರ ಮಣ್ಣು ಎಷ್ಟು ಚೆನ್ನಾಗಿತ್ತೆಂದರೆ ಯಾವ ಶಿಫಾರಸೂ ಬರೆಯಬೇಕಾಗಿರಲಿಲ್ಲ. ಆದರೆ ಬೆಳೆ ಬರುವುದಿಲ್ಲ ಎಂದು ಅವರದೇ ತಕರಾರು. ಹೋಗಿ ನೋಡಿದರೆ ಗೊತ್ತಾಯಿತು, ಅವರು ತಂದಿದ್ದು ಪಕ್ಕದವರ ಹೊಲದ ಮಣ್ಣು. "ಸರಕಾರದ ಮುಂದ ನಮ್ಮ ಹೊಲದ ಮಣ್ಣ ಹೆಂಗ್ ತರೂದ್ರಿ? ಹೆಣ್ಣ ನೋಡಾಕ ಬಂದ್ರ ಹರಕ ಸೀರಿ ಉಡಸ್ತೀವೇನು?" ಎಂದರು. ಅವರದೇ ಹೊಲಕ್ಕಿಳಿದು ನಾನೇ ಮಣ್ಣು ತೆಗೆದುಕೊಂಡು ಬಂದೆ.

ಕುಲಕರ್ಣಿ ಸಾಹೇಬರ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಧೋತರ ಉಡುವ ಕಾಲದವರು, ಪ್ಯಾಂಟು ಹಾಕಿಕೊಂಡರೂ ಧೋತರ ಹಿಡಿದಂತೆ ಎಡಗೈಯಿಂದ ಹಿಡಿದು ನಡೆಯುತ್ತಿದ್ದರು. ಮಾತು ಖಡಕ್ಕು. ಮಣ್ಣಿನ ಉಪ್ಪಿನ ಅಳತೆಗೆ ಆಗ ಒಂದು ಹಳೆಯ ಯಂತ್ರವಿತ್ತು. ಅದರ ನೆತ್ತಿಯ ಮೇಲೆ ಹಸಿರು ಬೆಳಕಿನ ಕಣ್ಣು. ಗುಬುಟು ತಿರುಗಿಸುತ್ತ ಹೋದಂತೆ ಆ ಕಣ್ಣು ತೆರೆಯುತ್ತದೆ, ಪೂರ್ತಿ ತೆರೆದಲ್ಲಿ ಅಂಕಿ ಓದಿಕೊಳ್ಳಬೇಕು. ಕರೆಂಟು ನೂರು ಸಲ ಹೋಗುತ್ತಿತ್ತು. ಪ್ರತಿ ಸಲವೂ ಮೊದಲಿಂದ ಮಾಡಬೇಕು. "ಅರ್ಧಕ್ಕೆ ನಿಂತಿದ್ದನ್ನ ಅಂದಾಜಿನ ಮೇಲೆ ಬರೆದರೆ ಕೈ ಮುರಿಯುತ್ತೇನೆ" ಎಂದು ಸಾಹೇಬರು ಹೇಳಿದ್ದರು. ಮುರಿಯುವವರಲ್ಲ, ಆದರೂ ನಾನು ಬರೆಯಲಿಲ್ಲ.

ಇಷ್ಟೆಲ್ಲ ಶಿಸ್ತು ಕಲಿತವ ನಾನು. ಮೂರನೆಯ ವರ್ಷಕ್ಕೆ ನನ್ನಷ್ಟು ಚೊಕ್ಕಟ ಕೆಲಸಗಾರ ಜಿಲ್ಲೆಯಲ್ಲೇ ಇಲ್ಲ ಎಂಬ ಹಮ್ಮು ಬಂದಿತ್ತು. ಮಾದರಿ ತರುವ ಮಾದರಪಾಟ ಎಂಬ ಒರಟು ಬಟ್ಟೆಯ ಚೀಲಗಳು ಮಣ್ಣು ಮೆತ್ತಿ ಕರ್ರಗಾಗಿದ್ದವು. ಮುಲ್ಲಾ ಅವನ್ನು ಬರಿದೆ ಕೊಡವಿ ಮತ್ತೆ ಬಳಸುತ್ತಿದ್ದ. ನನಗೆ ಹೇಸಿಕೆಯಾಯಿತು. "ಒಬ್ಬರ ಹೊಲದ ಮಣ್ಣು ಇನ್ನೊಬ್ಬರದಕ್ಕೆ ಕೂಡತೈತಿ, ಎಲ್ಲಾ ಚೀಲಾ ಸ್ವಚ್ಛ ತೊಳಸು" ಎಂದೆ. ಬೇಸಗೆ ಅದು. ಮುಲ್ಲಾ ಅಷ್ಟೂ ಚೀಲಗಳನ್ನು ಗಂಟು ಕಟ್ಟಿ ಒಯ್ದ. ಮೂರು ದಿನಕ್ಕೆ ಬೆಳ್ಳಗೆ ಮಡಿಯಾಗಿ ಬಂದವು. ನಾನು ಅವನ್ನು ಸಾಹೇಬರಿಗೆ ತೋರಿಸಿ ಬೀಗಿದೆ.

ಅದೇ ವಾರ ಅಕ್ಕಾತಾಯಿ ಬಂದರು.

ಬೋರಗಾಂವದ ಆಚೆಯ ಒಂದು ಸಣ್ಣ ಹಳ್ಳಿಯ ಜೈನ ಒಕ್ಕಲುತನದ ಮನೆಯವರು, ಐವತ್ತರ ಹತ್ತಿರದ ವಯಸ್ಸು. ಗಂಡನಿಗೆ ಉಬ್ಬಸ, ಹೊಲದ ಕೆಲಸವೆಲ್ಲ ಇವರದೇ. ಎರಡು ತುಂಡು ಹೊಲ, ಒಂದು ಮೇಲೆ ದಿಣ್ಣೆಯ ಮೇಲೆ, ಇನ್ನೊಂದು ಕೆಳಗೆ ಹಳ್ಳದ ದಂಡೆಗೆ. ಕೆಳಗಿನದೇ ಜೀವ, ಬಾವಿ ಇದ್ದದ್ದು ಅಲ್ಲಿ. ಆ ಹಳ್ಳದ ಮೇಲ್ಗಡೆ ಮಗ್ಗದ ನೂಲು ಬಿಳುಪು ಮಾಡಿ ಬಣ್ಣ ಹಾಕುವ ಕಾರ್ಖಾನೆಯೊಂದಿತ್ತು. ಈಗ ಅದಿಲ್ಲ, ಹೆಸರೂ ಬೇಡ. ಕಾಸ್ಟಿಕ್ ಸೋಡಾದಲ್ಲಿ ನೂಲು ಕುದಿಸಿದ ನೀರನ್ನು ಅವರು ನೇರ ಹಳ್ಳಕ್ಕೆ ಬಿಡುತ್ತಿದ್ದರು, ಹಳ್ಳ ತುಂಬಿದಾಗ ಅದು ದಂಡೆಯ ಹೊಲಕ್ಕೆ ಹರಿಯುತ್ತಿತ್ತು.

ಅಕ್ಕಾತಾಯಿ ಬಾಗಿಲಲ್ಲೇ ನಿಂತು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಮೊದಲ ನೇಗಿಲಾ ಹೂಡಿದ್ರ ಹಿಂದ ಎರಿಹುಳ ಏಳತಿದ್ದೂರಿ. ನಾವು ಜೈನ್ರು. ಕಾಲಾಗ ಸಿಕ್ಕು ಸತ್ತಾವಂತ ನೋಡಿ ನೋಡಿ ಹೆಜ್ಜಿ ಇಡತಿದ್ವಿ. ಈಗ ಎರಡ ವರ್ಷಾತು, ಹಂಗ ನೋಡೂದ ಬ್ಯಾಡಾಗೇತಿ. ಕಣ್ಣ ಮುಚಗೊಂಡ ನಡದ್ರೂ ಒಂದ ಜೀವಾ ಕಾಲಿಗಿ ಸಿಗೂದಿಲ್ಲ."

ಮಣ್ಣಿನ ಆರೋಗ್ಯದ ಲಕ್ಷಣಗಳನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ.

ಕಾರ್ಖಾನೆಯವರು ನೂಲು ಕುದಿಸಲು ಇನ್ನೊಂದು ಮನೆ ಕಟ್ಟುವವರಿದ್ದರು, ನೀರು ಬಿಡಲು ಹಳ್ಳಕ್ಕೆ ಅಗಲವಾದ ಕಾಲುವೆ ತೋಡಲು ಪರವಾನಗಿ ಕೇಳಿದ್ದರು. ಅದು ಸಿಕ್ಕರೆ ಅಕ್ಕಾತಾಯಿಯ ಹೊಲ, ಬಾವಿ ಎರಡೂ ಮುಗಿದಂತೆ. ಅವರು ಪ್ರಾಂತ ಸಾಹೇಬರಿಗೆ, ಅಂದರೆ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳಿಗೆ, ಅರ್ಜಿ ಕೊಟ್ಟಿದ್ದರು. ಅಧಿಕಾರಿಗಳು ಮಣ್ಣಿನ ವರದಿ ತರಿಸಿಕೊಳ್ಳಲು ನಮಗೆ ಬರೆದರು.

ನಾನೇ ಹೋಗಿ ಮಣ್ಣು ತೆಗೆದೆ. ಹಳ್ಳದ ದಂಡೆಯದು ಒಂದು ಚೀಲ. ಹೋಲಿಸಿ ನೋಡಲು ಕಾರ್ಖಾನೆಯ ನೀರು ಎಂದೂ ಮುಟ್ಟದ ದಿಣ್ಣೆಯ ಹೊಲದ್ದು ಇನ್ನೊಂದು ಚೀಲ. ಬೆಳ್ಳನೆಯ, ಮಡಿ ಚೀಲಗಳು. ಹಿಂದಿನ ರಾತ್ರಿಯ ಅಕಾಲ ಮಳೆಗೆ ಮಣ್ಣು ಹಸಿಯಿತ್ತು, ಐದಾರು ದಿನ ಚೀಲದಲ್ಲೇ ಉಳಿಯಿತು. ಆಮೇಲೆ ಒಣಗಿಸಿ ಪರೀಕ್ಷೆ ಮಾಡಿದೆ. ಕ್ಷಾರದ ಅಂಕಿ, ಅದೇ ಪಿಎಚ್ ಅನ್ನುತ್ತೇವಲ್ಲ, ನಮ್ಮ ಕಡೆಯ ಕರಿಮಣ್ಣಿನಲ್ಲಿ ಎಂಟರ ಆಸುಪಾಸು ಇರುತ್ತದೆ. ಒಂಬತ್ತು ದಾಟಿತೆಂದರೆ ಸವಳು. ಹಳ್ಳದ ದಂಡೆಯದು ಒಂಬತ್ತು ದಾಟಿತ್ತು. ದಿಣ್ಣೆಯದೂ ಒಂಬತ್ತು ದಾಟಿತ್ತು.

ಆ ಕ್ಷಣ ನಾನು ನಿಲ್ಲಬೇಕಿತ್ತು. ಅನುಮಾನ ಬಂದದ್ದು ನಿಜ. ಆದರೆ ನನ್ನ ಕೈಯ ಅಂಕಿ ತಪ್ಪಾಗುವುದಿಲ್ಲ ಎಂಬ ಸೊಕ್ಕು ಅನುಮಾನಕ್ಕಿಂತ ದೊಡ್ಡದಿತ್ತು. ಸಾಹೇಬರು ರಜೆಯ ಮೇಲಿದ್ದರು. ನಾನೇ ಸಹಿ ಮಾಡಿ ಕಳಿಸಿದೆ.

ಪ್ರಾಂತ ಕಚೇರಿಯ ವಿಚಾರಣೆಗೆ ಕಾರ್ಖಾನೆಯವರು ಇಚಲಕರಂಜಿಯಿಂದ ಮಾನೆ ಎಂಬ ಕೆಮಿಸ್ಟನನ್ನು ಕರೆಸಿದ್ದರು. ಸಣ್ಣ ದೇಹದ, ಮೆದು ಮಾತಿನ ಮನುಷ್ಯ. ನನ್ನ ವರದಿಯನ್ನು ಎರಡು ಸಲ ಓದಿ, ನನಗೇ ತೋರಿಸಿ ಕೇಳಿದ: "ಸಾಹೇಬ, ಕೆಳಗಿಂದೂ ಮ್ಯಾಲಿಂದೂ ಎರಡೂ ಒಂದೇ ಅದಾವಲ್ರಿ? ನಮ್ಮ ನೀರು ಗುಡ್ಡಾ ಏರಿ ದಿಣ್ಣಿಗಿ ಹೋತೇನು?" ಸಭೆಯೆಲ್ಲ ನಕ್ಕಿತು. "ಈ ಊರಿನ ನೆಲಾನೇ ಸವಳ ಐತ್ರಿ. ಕಾರ್ಖಾನಿದು ಏನೂ ಸಂಬಂಧ ಇಲ್ಲ" ಎಂದು ಮಾಲೀಕರು ಎದ್ದು ನಿಂತರು. ಪ್ರಾಂತ ಸಾಹೇಬರು ನನ್ನ ಮುಖ ನೋಡಿದರು. ಮಳೆಗಾಲಕ್ಕೆ ಮುಂಚೆ, ಒಂದು ತಿಂಗಳೊಳಗೆ ಬೇರೆ ಪುರಾವೆ ಬಾರದಿದ್ದರೆ ಅರ್ಜಿ ವಜಾ, ಕಾಲುವೆಗೆ ಪರವಾನಗಿ ಎಂದು ಬರೆಸಿದರು. ಅಕ್ಕಾತಾಯಿ ಮೂಲೆಯ ಬಾಕಿನ ಮೇಲೆ ಕೂತಿದ್ದರು. ನಗುವಿನ ನಡುವೆ ಅವರೊಬ್ಬರೇ ನನ್ನನ್ನು ನೋಡದೆ ನೆಲ ನೋಡುತ್ತಿದ್ದರು. ಅವಮಾನ ನನಗೆ, ಆದರೆ ಹೋಗುವುದು ಅವರ ಹೊಲ ಎಂಬುದು ಆಗ ಎದೆಗೆ ಇರಿಯಿತು.

ಮರುದಿನ ಮೊದಲ ಬಸ್ಸಿಗೇ ಅಲ್ಲಿಗೆ ಹೋದೆ. ಯಾರಿಗೂ ಹೇಳದೆ ದಿಣ್ಣೆಯ ಹೊಲದಲ್ಲಿ ಹಿಂದೆ ತೋಡಿದ ಗುಂಡಿಗಳನ್ನೇ ಹುಡುಕಿ, ಒಂದಿಷ್ಟು ಮಣ್ಣನ್ನು ಕಿಸೆಯ ದಸ್ತಿಯಲ್ಲಿ ಕಟ್ಟಿಕೊಂಡು ಬಂದೆ. ಮನೆಗೆ ಬಂದರೆ ಕಟ್ಟೆಯ ಮೇಲೆ ಅಪ್ಪ ಕೂತಿದ್ದ. ಕಂಬಳಿ ಮಾರಲು ಚಿಕ್ಕೋಡಿ ಸಂತೆಗೆ ಬಂದವ, ಮಗನ ಮನೆಯ ಅಂಬಲಿ ಕುಡಿದು ಹೋಗೋಣ ಎಂದು ಉಳಿದಿದ್ದ.

ಏನು ಅನಿಸಿತೋ, ಕೇಂದ್ರಕ್ಕೆ ಹೋಗಿ ಅದೇ ದಿಣ್ಣೆಯ ಮಣ್ಣಿನಲ್ಲಿ ಉಳಿದಿದ್ದ ಪಾಲನ್ನು ಚೀಲ ಸಮೇತ ತಂದು, ದಸ್ತಿಯ ಮಣ್ಣಿನ ಪಕ್ಕ ಅಪ್ಪನ ಮುಂದಿಟ್ಟೆ. ಜೀವನದಲ್ಲಿ ಮೊದಲ ಸಲ ನಾನೇ ಅವನಿಗೆ ಮಣ್ಣು ಕೊಟ್ಟಿದ್ದೆ. ಅವನು ದಸ್ತಿಯದನ್ನು ಚಿಟಿಕೆ ತೆಗೆದು ನಾಲಗೆಗೆ ಹಚ್ಚಿದ.

"ಚಲೋ ಮಣ್ಣ. ಎಲ್ಲೀದೋ ಇದು?"

ಆಮೇಲೆ ಚೀಲದ್ದು. ಹಚ್ಚಿದ್ದೇ ತಡ ಥೂ ಎಂದು ಉಗುಳಿದ. "ಇದು ಸವಳ. ಬ್ಯಾರೆ ಹೊಲದ್ದು."

"ಎರಡೂ ಒಂದೇ ಹೊಲದ್ದಪಾ. ಒಂದೇ ಗುಂಡಿದು."

ಅಪ್ಪ ಚೀಲವನ್ನು ನನ್ನ ಕಡೆ ಸರಿಸಿ, "ಹಂಗಾರ ನಿನ್ನ ಚೀಲದಾಗ ಏನರೆ ಐತಲೇ ಮಗನ" ಎಂದ.

ಚೀಲ ಒಳಗು ಹೊರಗು ಮಾಡಿ ನೋಡಿದೆ. ಹೊಲಿಗೆಯ ಸಂದಿಯಲ್ಲೆಲ್ಲ ಬಿಳಿ ಪುಡಿ ಕೂತಿತ್ತು. ಬಳಸದೆ ಉಳಿದ ಚೀಲಗಳಲ್ಲೂ ಅದೇ. ಒಂದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಆ ನೀರನ್ನೇ ಪರೀಕ್ಷಿಸಿದೆ. ಮಣ್ಣು ಹಾಕದ ಬರೀ ನೀರು, ಕ್ಷಾರದ ಅಂಕಿ ಹತ್ತರ ಹತ್ತಿರ.

ಮುಲ್ಲಾನನ್ನು ಕರೆದುಕೊಂಡು ಕೆರೆಯ ದಂಡೆಗೆ ಓಡಿದೆ. ಚೀಲ ತೊಳೆದ ಮಡಿವಾಳ ರಾಮಪ್ಪ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ. ಪಕ್ಕದಲ್ಲಿ ಒಂದು ಬುಟ್ಟಿ ಬೂದಿ ಬಣ್ಣದ ಮಣ್ಣು. ಕೇಳುವ ಅಗತ್ಯವೇ ಇರಲಿಲ್ಲ, ನೋಡಿದ ಕೂಡಲೇ ತಿಳಿಯಿತು. ಸವಳು ಮಣ್ಣು. ತಲೆತಲಾಂತರದಿಂದ ಅವರು ಬಟ್ಟೆ ಒಗೆಯುವುದು ಅದರಲ್ಲೇ. ಸಾಬೂನಿಗೆ ಬಿಡದ ಕೊಳೆ ಅದಕ್ಕೆ ಬಿಡುತ್ತದೆ. ಬೇಸಗೆಯಲ್ಲಿ ಕೆರೆಯ ನೀರು ತಳ ಹಿಡಿದಿತ್ತು, ಜಾಲಿಸಿದ್ದು ಕಡಿಮೆಯಾಗಿತ್ತು.

"ಇದರಾಗ ತೊಳದ್ಯೇನೋ ರಾಮಪ್ಪಾ?"

"ಮತ್ತ? ಮುಲ್ಲಾಗೋಳು, ಸಾಹೇಬ್ರು ಭಾಳ ಸ್ವಚ್ಛ ತೊಳಿ ಅಂದಾರ ಅಂದ್ರು. ಸವಳಕ್ಕಿಂತ ಸ್ವಚ್ಛ ತೊಳ್ಯಾದು ಯಾವ್ದೈತ್ರೀ?"

ಅವನ ತಪ್ಪೇನು? ಸವಳು ಹುಡುಕುವ ಚೀಲವನ್ನು ಸವಳಿನಲ್ಲಿ ತೊಳೆಸಿದವ ನಾನು. ಹೇಗೆ ತೊಳೆಯುತ್ತಾರೆ ಎಂದು ಕೇಳದವನೂ ನಾನೇ. ಅದೂ ಕುರಿ ಕಾಯುವವನ ಮಗ, ಸವಳು ಮಣ್ಣನ್ನು ಅಗಸರು ಒಯ್ಯುವುದನ್ನು ಹುಟ್ಟಿದಾಗಿನಿಂದ ನೋಡಿದವ.

ಸಾಹೇಬರು ರಜೆ ಮುಗಿಸಿ ಬಂದಿದ್ದರು. ನಿಂತೇ ಎಲ್ಲ ಹೇಳಿದೆ. ಸದ್ದಿಲ್ಲದೆ ಹೊಸ ಚೀಲ ತಂದು, ಅಕ್ಕಾತಾಯಿಯ ಹೊಲದ್ದಷ್ಟೇ ಮತ್ತೆ ಪರೀಕ್ಷಿಸಿ, ಎರಡನೆಯ ವರದಿ ಎಂದು ಕೊಟ್ಟುಬಿಡಬಹುದಲ್ಲ ಎಂಬ ಆಸೆ ನನ್ನ ಮಾತಿನಲ್ಲಿ ಇಣುಕಿರಬೇಕು. ಸಾಹೇಬರು ಕನ್ನಡಕ ತೆಗೆದರು. "ಆ ಚೀಲದಲ್ಲಿ ಇನ್ನೂ ಯಾರ್ಯಾರ ಮಣ್ಣು ಬಂತು?" ಎಂದು ಕೇಳಿದರು. ನಲವತ್ತಕ್ಕೂ ಹೆಚ್ಚು ರೈತರದು ಬಂದಿತ್ತು. "ವಹಿಯಲ್ಲಿ ಅಷ್ಟೂ ನಮೂದಿನ ಎದುರು ಬರಿ: ಚೀಲದ ದೋಷ, ವರದಿ ತಪ್ಪು. ಕೆಳಗೆ ನಿನ್ನ ಸಹಿ. ಆಮೇಲೆ ನನ್ನದೂ ಮಾಡುತ್ತೇನೆ. ಹಾಳೆ ಹರಿಯಬೇಡ. ಆಮೇಲೆ ಒಬ್ಬೊಬ್ಬರ ಮನೆಗೂ ನೀನೇ ಹೋಗು." ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ತಿಂಗಳು ನಾನು ತಿರುಗಿದಷ್ಟು ಯಾವ ಜಂಗಮನೂ ತಿರುಗಿರಲಿಕ್ಕಿಲ್ಲ. ಕೆಂಪು ಬಸ್ಸು, ಬಾಡಿಗೆ ಸೈಕಲ್ಲು, ಕಬ್ಬಿನ ಟ್ರ್ಯಾಕ್ಟರು, ಅದೂ ಇಲ್ಲದಲ್ಲಿ ಕಾಲು. ರಾಯಬಾಗದ ಒಬ್ಬರು ನಮ್ಮ ವರದಿ ಓದಿದ್ದೇ ಇಲ್ಲವಂತೆ, ಗೋಡೆಗೆ ಅಂಟಿಸಿದ್ದರು. ಅಥಣಿಯ ಒಬ್ಬರು ಬೇಡದ ಹೊಲಕ್ಕೆ ಬಂಡಿಗಟ್ಟಲೆ ಜಿಪ್ಸಂ ಹಾಕಿ ಕೂತಿದ್ದರು. ಕೈಗೆ ಸಿಕ್ಕ ಬಾರುಕೋಲು ಎತ್ತಿಕೊಂಡೇ ನನ್ನ ಮಾತು ಕೇಳಿದರು. ಅವರಿಗೆ ಕೈ ಮುಗಿದೆ. ಕಾಗವಾಡದ ಕಡೆಯ ಒಬ್ಬ ಅಜ್ಜ ಮಾತ್ರ ನೀರು ಕೊಟ್ಟು, "ತಪ್ಪಾಗೇತಿ ಅಂತ ಹೇಳಾಕ ಸರಕಾರಿ ಮನಶ್ಯಾ ಬಂದದ್ದು ಇದ ಮೊದಲ ನೋಡಪಾ" ಎಂದು ಮಗನನ್ನೂ ಸೊಸೆಯನ್ನೂ ಕರೆದು ನನ್ನನ್ನು ತೋರಿಸಿದ. ಎಲ್ಲರ ಮಣ್ಣನ್ನೂ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಮತ್ತೆ ತಂದೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಕ್ಕಾತಾಯಿಯ ಅಂಗಳ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ನಿಲ್ಲಿಸದೆ ಕೇಳಿಸಿಕೊಂಡರು. ಮುಗಿದ ಮೇಲೆ ಮೊರ ಕೆಳಗಿಟ್ಟರು.

"ನೀ ಚೀಲಾ ತೊಳಸಿ ನನ್ನ ಹೊಲಾ ತೊಳದಿ ತಮ್ಮಾ. ಈಗ ಬಂದು ತಪ್ಪಾತು ಅಂದ್ರ ನಾ ಏನ್ ಮಾಡ್ಲಿ?"

"ಅಕ್ಕಾರ, ಇನ್ನೊಮ್ಮಿ ತಗೀತೇನ್ರಿ."

"ತಗದ್ರ ಅವ್ರು ಒಪ್ಪತಾರ? ಮೊದಲಿಂದು ಸುಳ್ಳ, ಎರಡನೇದು ಖರೆ ಅಂತ ಯಾರ ನಂಬತಾರ?"

ಪ್ರಶ್ನೆ ಸರಿಯಾಗಿತ್ತು. ನಂಬುವುದಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಇಡೀ ದಾರಿ ಅದನ್ನೇ ಯೋಚಿಸಿದೆ. ಚಿಕ್ಕೋಡಿ ಬರುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ನನ್ನನ್ನು ನಂಬುವ ಅಗತ್ಯವೇ ಬೀಳದಂತೆ ಕೆಲಸ ಮಾಡಬೇಕು. ಸಾಹೇಬರ ಒಪ್ಪಿಗೆ ಪಡೆದು ಪ್ರಾಂತ ಕಚೇರಿಯ ಮುಖಾಂತರ ಕಾರ್ಖಾನೆಯ ಕೆಮಿಸ್ಟ್ ಮಾನೆಗೆ ಪತ್ರ ಬರೆದೆ. ಮೊದಲ ವರದಿ ನನ್ನ ತಪ್ಪಿನಿಂದ ಕೆಟ್ಟಿತು, ಹೀಗೆ ಹೀಗೆ ಆಯಿತು. ಈ ಸಲ ಚೀಲ ನೀವೇ ತನ್ನಿ, ಜಾಗ ನೀವೇ ತೋರಿಸಿ. ಪ್ರತಿ ಮಾದರಿಯಲ್ಲೂ ಅರ್ಧ ನೀವು ಒಯ್ದು ಪರೀಕ್ಷಿಸಿ, ಅರ್ಧ ನಾನು. ಎರಡೂ ಅಂಕಿ ವಿಚಾರಣೆಯಲ್ಲೇ ತೆರೆಯೋಣ.

ಮಾಲೀಕರಿಗೆ ಇದು ಬೇಡವಾಗಿತ್ತಂತೆ. ಆದರೆ ಪತ್ರ ಕಚೇರಿಯ ಮೂಲಕ ಹೋಗಿತ್ತು. ಮಾನೆ ಬಂದ.

ಇಡೀ ದಿನ ಇಬ್ಬರೂ ಆ ಹೊಲದಲ್ಲಿ ಬಿಸಿಲು ಕುಡಿದೆವು. ಈ ಸಲ ಒಂದು ಚೀಲ, ಎರಡು ಚೀಲವಲ್ಲ. ಕಾರ್ಖಾನೆಯ ನೀರು ಹಳ್ಳಕ್ಕೆ ಬೀಳುವಲ್ಲಿಂದ ಆರಂಭಿಸಿ, ಹೊಲದೊಳಕ್ಕೆ ಐವತ್ತು ಐವತ್ತು ಹೆಜ್ಜೆಗೆ ಒಂದರಂತೆ, ದಿಣ್ಣೆಯವರೆಗೆ ಸಾಲಾಗಿ ತೆಗೆದೆವು. ಹೊಸಬರು ಇದೊಂದನ್ನು ನೆನಪಿಡಿ: ಒಂದು ಮಾದರಿ ದೂರು ಹೇಳಬಹುದು, ಸಾಲು ಮಾದರಿ ಸಾಕ್ಷಿ ಹೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಯಾರದೋ ಕುರಿಹಿಂಡು ಹಳ್ಳ ದಾಟಿ ಬಂತು. ಹಳ್ಳದ ದಂಡೆಯ ಮೂರು ಕಡೆ ನಿಂತು ಕುರಿಗಳು ನೆಲ ನೆಕ್ಕತೊಡಗಿದವು. ನನಗೆ ಅಪ್ಪ ನೆನಪಾದ. ಕುರಿ ನೆಕ್ಕಿದಲ್ಲೆಲ್ಲ ಉಪ್ಪು ಇರುತ್ತದೆ ಎಂದು ಹೇಳಿದವನು ಅವನೇ. ಆ ಮೂರು ಜಾಗದಲ್ಲೂ ಗುದ್ದಲಿ ಹಾಕಿದೆ.

ಮಾನೆ ನಕ್ಕು ಕೇಳಿದ: "ಕುರಿ ಸಾಕ್ಷಿ ಹೇಳತಾವೇನ್ರಿ?"

"ನೀವು ಅರ್ಧಾ ಒಯ್ರಿ, ಆಮ್ಯಾಲ ಹೇಳ್ರಿ" ಎಂದೆ.

ಸಂಜೆಯ ಮುಂದೆ ಅಕ್ಕಾತಾಯಿ ಇಬ್ಬರಿಗೂ ರೊಟ್ಟಿ ತಂದಿದ್ದರು. ಕಾರ್ಖಾನೆಯ ಕಡೆಯವನಿಗೆ ಯಾಕೆ ಎಂಬಂತೆ ಊರವರೊಬ್ಬರು ನೋಡಿದಾಗ, "ಹೊತ್ತ ಮುಳಗೂದ್ರಾಗ ಉಣ್ಲಿ, ಯಾರಾದ್ರೇನು" ಎಂದರು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಾನೆ ತಲೆ ತಗ್ಗಿಸಿ ತಿಂದ.

ಎರಡನೆಯ ವಿಚಾರಣೆಯಲ್ಲಿ ನಾನು ಮೊದಲು ಎದ್ದು ನನ್ನ ತಪ್ಪನ್ನು ಪೂರ್ತಿ ಹೇಳಿದೆ. ರಾಮಪ್ಪನ ಸವಳು, ಚೀಲದ ಹೊಲಿಗೆ, ನನ್ನ ಸಹಿ, ಯಾವುದನ್ನೂ ಬಿಡಲಿಲ್ಲ. ಮತ್ತೆ ನಗು. ಈ ಸಲ ಅದು ನನ್ನನ್ನು ತಟ್ಟಲಿಲ್ಲ. ಪ್ರಾಂತ ಸಾಹೇಬರು ಮಾನೆಯ ಕಡೆ ತಿರುಗಿ, "ನಿಮ್ಮ ಅಂಕಿ ಮೊದಲು ಓದಿ" ಎಂದರು. ಮಾಲೀಕರು ಅವನ ಅಂಗಿಯ ತೋಳು ಎಳೆದು ಕಿವಿಯಲ್ಲಿ ಏನೋ ಹೇಳಿದರು. ಮಾನೆ ಕಾಗದ ಬಿಡಿಸಿದ. ಅಕ್ಕಾತಾಯಿಯ ಹೊಲ ಆಗ ಆ ಮನುಷ್ಯನ ನಾಲಗೆಯ ಮೇಲಿತ್ತು.

ಓದಿದ. ಹಳ್ಳದ ಬಾಯಿಯಲ್ಲಿ ಒಂಬತ್ತೂವರೆ ದಾಟಿತ್ತು. ಐವತ್ತು ಹೆಜ್ಜೆಗೆ ಸ್ವಲ್ಪ ಕಡಿಮೆ, ನೂರಕ್ಕೆ ಇನ್ನೂ ಕಡಿಮೆ, ಹೀಗೆ ಇಳಿಯುತ್ತ ಇಳಿಯುತ್ತ ದಿಣ್ಣೆಯಲ್ಲಿ ಎಂಟಕ್ಕಿಂತ ಕೆಳಗೆ. ಕುರಿ ನೆಕ್ಕಿದ ಮೂರು ಜಾಗ ಎಲ್ಲಕ್ಕಿಂತ ಮೇಲೆ. ನನ್ನ ಅಂಕಿಗಳೂ ಅವೇ. ಒಂದೆರಡು ಕಡೆ ಅವನದೇ ನನ್ನದಕ್ಕಿಂತ ತುಸು ಹೆಚ್ಚು. ಕಾಗದ ಮಡಚಿ, "ನೀರು ನಮ್ದೇ ಐತ್ರಿ" ಎಂದು ಕೂತುಬಿಟ್ಟ. ಆಮೇಲೆ ಆ ಕಾರ್ಖಾನೆ ಅವನನ್ನು ಮತ್ತೆ ಕರೆಸಲಿಲ್ಲ ಎಂದು ಕೇಳಿದೆ. ಅಂಥವರನ್ನು ಎದುರು ಪಕ್ಷದಲ್ಲಿ ಪಡೆದದ್ದು ನನ್ನ ಪುಣ್ಯ.

ಕಾಲುವೆಗೆ ಪರವಾನಗಿ ಸಿಗಲಿಲ್ಲ. ಹೊಂಡ ಕಟ್ಟಿ, ಕ್ಷಾರ ಇಳಿಸದೆ ಒಂದು ಹನಿಯನ್ನೂ ಹಳ್ಳಕ್ಕೆ ಬಿಡಬಾರದು ಎಂದು ಆದೇಶವಾಯಿತು. ಮಳೆ ಬರುವ ಮುಂಚೆಯೇ ನೀರು ನಿಂತಿತು.

ಗೆದ್ದೆವು ಎಂದು ಅಲ್ಲಿಗೆ ಬರೆದು ಮುಗಿಸಿದರೆ ಸುಳ್ಳಾಗುತ್ತದೆ. ಕೆಡಿಸಲು ಎರಡು ವರ್ಷ ಸಾಕಾಗಿದ್ದ ನೆಲವನ್ನು ತಿದ್ದಲು ಎಷ್ಟು ವರ್ಷ ಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಬಸಿಗಾಲುವೆ ತೋಡಿಸಿದೆವು. ಜಿಪ್ಸಂ ಹಾಕಿ ಬಾವಿಯ ಸಿಹಿನೀರು ನಿಲ್ಲಿಸಿ ಬಸಿದೆವು, ಸೆಣಬು ಬೆಳೆದು ಮಣ್ಣಿಗೇ ಮಗುಚಿದೆವು. ಪ್ರತಿ ಸುಗ್ಗಿಯ ಮೇಲೆ ಅದೇ ಸಾಲು, ಅದೇ ಹೆಜ್ಜೆಗಳಲ್ಲಿ ಮಣ್ಣು ತೆಗೆದೆ. ಮೊದಲ ವರ್ಷ ಅಂಕಿ ಅಲುಗಲೇ ಇಲ್ಲ. ಎರಡನೆಯ ವರ್ಷ ಕೂದಲೆಳೆಯಷ್ಟು ಇಳಿಯಿತು. ಮೂರನೆಯ ವರ್ಷ ಮತ್ತೆ ಏರಿತು, ಬಸಿಗಾಲುವೆ ಕಟ್ಟಿಕೊಂಡಿತ್ತು. ಅಕ್ಕಾತಾಯಿಯ ಗಂಡ "ಸಾಕು ಬಿಡು, ಹಾಳು ಬೀಳಲಿ" ಎಂದಾಗ ಅವರು ಗುದ್ದಲಿ ತೆಗೆದುಕೊಂಡು ಕಾಲುವೆಗೆ ತಾವೇ ಇಳಿದರು. ನಾನೂ ಇಳಿದೆ. ಈ ಕೆಲಸದಲ್ಲಿ ಹಟವಿಲ್ಲದವರಿಗೆ ಜಾಗವಿಲ್ಲ. ಅದನ್ನು ಅವರಿಂದ ಕಲಿತೆ.

ತೊಂಬತ್ತರ ದಶಕ ಬಂತು. ಹಸಿರು ಕಣ್ಣಿನ ಯಂತ್ರ ಮೂಲೆ ಸೇರಿತು. ಗುಂಡಿ ಒತ್ತಿದರೆ ಕೆಂಪು ಅಂಕಿ ತೋರಿಸುವ ಹೊಸ ಯಂತ್ರಗಳು ಬಂದವು. ವರದಿಗಳು ಕಂಪ್ಯೂಟರಿನಲ್ಲಿ ಅಚ್ಚಾಗಿ ಬರತೊಡಗಿದವು, ನೋಡಲು ಲಗ್ನಪತ್ರಿಕೆಯಂತೆ. ಒಂದು ದಿನದಲ್ಲಿ ಮಾಡುವ ಪರೀಕ್ಷೆ ಹತ್ತು ಪಟ್ಟಾಯಿತು. ಒಳ್ಳೆಯದೇ. ಆದರೆ ಯಂತ್ರ ಎಷ್ಟೇ ಜಾಣವಾಗಿರಲಿ, ಅದರೊಳಗೆ ಹೋಗುವ ಮಣ್ಣು ಯಾವ ಚೀಲದಲ್ಲಿ ಬಂತೆಂದು ಅದು ಕೇಳುವುದಿಲ್ಲ. ಕೇಳಬೇಕಾದವರು ನೀವು. ಕುಲಕರ್ಣಿ ಸಾಹೇಬರು ನಿವೃತ್ತರಾಗುವಾಗ ನನ್ನ ಕೈಗೆ ಕೊಟ್ಟದ್ದು ಆ ಹಳೆಯ ವಹಿ ಒಂದೇ. ಚೀಲದ ದೋಷ, ವರದಿ ತಪ್ಪು ಎಂಬ ಪುಟಕ್ಕೆ ಒಂದು ಹುಲ್ಲುಕಡ್ಡಿ ಇಟ್ಟಿದ್ದರು.

ನನ್ನ ನೌಕರಿಯ ಕೊನೆಯ ವರ್ಷ ಅಕ್ಕಾತಾಯಿ ತಾವೇ ಚಿಕ್ಕೋಡಿಗೆ ಬಂದರು. ಕೂದಲು ಪೂರ್ತಿ ನೆರೆತಿತ್ತು. ಎರಡು ಚೀಲ ಮೇಜಿನ ಮೇಲಿಟ್ಟರು. ಕೆಳಗಿನ ಹೊಲದ್ದು, ಮೇಲಿನದು. ನಾನು ಮೊದಲು ಚೀಲಗಳನ್ನು ಒಳಗು ಹೊರಗು ಮಾಡಿ ಹೊಲಿಗೆ ನೋಡಿದೆ. ಅವರು ನಕ್ಕರು. "ಹೊಸಾ ಅರಿವಿ ಹರದು ಚೀಲಾ ಹೊಲದೇನಿ. ನೀರ ಸೈತ ಮುಟ್ಟಿಲ್ಲ" ಎಂದರು. ಆದರೂ ಚೀಲದ ಒಂದು ತುಂಡನ್ನು ಅದ್ದಿ ಆ ನೀರನ್ನೇ ಮೊದಲು ಪರೀಕ್ಷಿಸಿದೆ. ಆಮೇಲೆ ಬೇಕಾದರೆ ಸಿಟ್ಟಾಗಲಿ ಅಂದುಕೊಂಡೆ, ಅವರು ಆಗಲಿಲ್ಲ.

ಮಣ್ಣು ಒಣಗಿ ಪರೀಕ್ಷೆ ಮುಗಿದ ದಿನ ಬಸ್ಸು ಹತ್ತಿ ನಾನೇ ಅವರ ಹೊಲಕ್ಕೆ ಹೋದೆ. ಆಳುಗಳು ನೇಗಿಲು ಹೊಡೆಯುತ್ತಿದ್ದರು. ಬದುವಿನ ಮೇಲೆ ನಿಂತಿದ್ದ ಅಕ್ಕಾತಾಯಿ ದೂರದಿಂದಲೇ ಕೂಗಿ ಕೇಳಿದರು.

"ಏನಂತಾವೋ ತಮ್ಮಾ?"

"ಎರಡೂ ಒಂದೇ ಅದಾವ್ರಿ ಅಕ್ಕಾ!"

ಇದೇ ಮಾತಿಗೆ ಒಮ್ಮೆ ಸಭೆಯೆಲ್ಲ ನಕ್ಕಿತ್ತು. ಕಾಗದವನ್ನು ಅವರ ಕೈಗೆ ಕೊಡಬೇಕೆಂದು ಅವಸರದಲ್ಲಿ ಬದು ಇಳಿದು, ಹೊಸದಾಗಿ ಉತ್ತ ಸಾಲಿನೊಳಗೆ ಕಾಲಿಟ್ಟೆ.

"ಏ, ಅಲ್ಲೇ ನಿಂದ್ರೋ!" ಎಂದು ಅವರು ಗದರಿದರು. "ನೋಡಿ ಹೆಜ್ಜಿ ಇಡು. ಹುಳಾ ಅದಾವ."